ಬೈಕಿನ ಹಾಡಿಗೆ ಸೋಬಾನೆ

ನನ್ನ ಓರಗಿತ್ತಿಯ ಕಿವಿಗೆ ಯಾವ ಹಾಡೂ ಬೀಳಬಾರದು. ಬಿತ್ತೋ, ಅದಕ್ಕೆ ತಲೆ ಬಾಚಿ, ಸೀರೆ ಉಡಿಸಿ, ಅರಿಶಿನ ಹಚ್ಚಿ ಹಸೆಮಣೆ ಮೇಲೆ ಕೂರಿಸಿಬಿಡುತ್ತಾಳೆ! ಹುಡುಗರು ಕುಣಿದು ಕುಪ್ಪಳಿಸುವ ಹಾಡನ್ನು ಬೆಳಿಗ್ಗೆ ಕೇಳಿದಳೆಂದರೆ ಸಾಯಂಕಾಲಕ್ಕೆ ಅದು ಸೋಬಾನೆ ಪದ. ಅವಳ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ರಾಗ ಹಾಕುತ್ತಾಳೆ.

ತಪ್ಪು ಅವಳದೊಂದೇ ಅಲ್ಲ ಬಿಡಿ. ನಮ್ಮ ಕಡೆ ಮದುವೆಯಲ್ಲಿ ಆರತಿ ಎತ್ತುವಾಗ ಹಾಡು ಬೇಕೇ ಬೇಕು. ಹಾಡುತ್ತಿದ್ದ ಮುದುಕಿಯರೆಲ್ಲ ಒಬ್ಬೊಬ್ಬರಾಗಿ ಹೋದರು, ಹೋಗುವಾಗ ಪದಗಳನ್ನೂ ಕಟ್ಟಿಕೊಂಡೇ ಹೋದರು. ಇವಳಿಗೆ ಉಳಿದದ್ದು ಬರೀ ರಾಗ. ಪದಕ್ಕೇನು ಬರ? ಅಜ್ಜಂಪುರದ ಬಸ್ಸು ಹತ್ತಿದರೆ ಡ್ರೈವರು ದಾರಿಯುದ್ದಕ್ಕೂ ಸಿನಿಮಾ ಹಾಡು ಹಾಕುತ್ತಾನಲ್ಲ! ಡ್ರೈವರನ ಹಿಂದಿನ ಸೀಟೇ ಬೇಕು ಇವಳಿಗೆ. ಒಂದು ಸಲ ತರೀಕೆರೆಯಲ್ಲಿ ಇಳಿಯಬೇಕಾದವಳು, ಹಾಡಿನ ಕೊನೆ ಸಾಲು ಬರಲಿ ಅಂತ ಕೂತು ಲಕ್ಕವಳ್ಳಿ ಮುಟ್ಟಿದಳು. ನಾನು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಲ್ಲಿ ಇವಳಿಗಾಗಿ ಕಾಯುತ್ತಾ ನಿಂತಿದ್ದೆ. ವಾಪಸ್ ಬಂದು ಇಳಿದವಳು ಕ್ಷಮಿಸು ಅನ್ನಲಿಲ್ಲ, ಹಾಡು ಪೂರ್ತಿ ಸಿಕ್ಕಿತು ಅಂದಳು.

ಕಡೂರಿನ ಒಂದು ಮದುವೆಯ ಕತೆ ಕೇಳಿ. ಹುಡುಗಿ ಕೈಕೊಟ್ಟಳೆಂದು ಕುಡಿದು ಬಿದ್ದ ಹುಡುಗನ ಹಾಡೊಂದಿತ್ತು. ಅದನ್ನೇ ಸಾವಕಾಶವಾಗಿ ಎಳೆದು, ಸಾಲಿಗೊಂದು ಸೋಬಾನವೇ ಸೇರಿಸಿ ಗಂಡಿಗೆ ಆರತಿ ಎತ್ತಿದಳು. ಹಿಂದೆ ನಿಂತ ಹುಡುಗಿಯರು ಸೆರಗು ಬಾಯಿಗೆ ತುರುಕಿಕೊಂಡರು. ಗಂಡಿನ ಕಡೆಯ ಹಣ್ಣು ಮುದುಕಿ ಮಾತ್ರ ಎದ್ದು ಕೈಮುಗಿದು, ಇದು ಯಾವ ದೇವರ ಪದ ಅಂತ ಕೇಳಿದರು.

"ಊರಾಚೆ ಇರೋ ದೇವ್ರು ಕಣಮ್ಮ," ಅಂದಳು ಇವಳು. "ಗಂಡಸ್ರು ಸಂಜೆ ಹೊತ್ತು ತಪ್ಪದೆ ಹೋಗ್ತಾರೆ."

ಮುದುಕಿ ಕಣ್ಣಿಗೊತ್ತಿಕೊಂಡರು!

ಆಮೇಲೆ ನನ್ನ ಮೊಮ್ಮಗಳ ಮದುವೆ ಗೊತ್ತಾಯಿತು. ಹೆತ್ತವಳು ನನ್ನ ಸೊಸೆ, ಆದರೆ ಆಫೀಸಿಗೆ ಹೋಗುವವಳು. ಎಣ್ಣೆ ನೀರು ಎರೆದು, ಅನ್ನ ಕಲಸಿಟ್ಟು ಸಾಕಿದವಳು ಮಕ್ಕಳಿಲ್ಲದ ಈ ಓರಗಿತ್ತಿ. ಹಾಗಾಗಿ ಹುಡುಗಿಯನ್ನು ಒಪ್ಪಿಸುವುದನ್ನೂ ಚಿಕ್ಕತ್ತೆಯೇ ಮಾಡಲಿ ಅಂದಳು ಸೊಸೆ. ಒಪ್ಪಿಸುವ ಹಾಡು ಹೇಳುತ್ತಾ ಹುಡುಗಿಯ ಕೈ ಹಿಡಿದಿರಬೇಕು, ಹಾಡು ಮುಗಿದಾಗ ಆ ಕೈಯನ್ನು ಅತ್ತೆಯ ಕೈಗಿಟ್ಟು ಬಿಡಬೇಕು. ಇಷ್ಟೇ ಶಾಸ್ತ್ರ.

ಮೊಮ್ಮಗಳೋ ಇವಳು ಸಾಕಿದ ಗಿಣಿ. ಅಳಿಸುವ ಪದ ಬೇಡ ಚಿಕ್ಕಜ್ಜಿ, ನನ್ನ ಫೋನಿನ ಬೈಕ್ ಹಾಡೇ ಹೇಳು ಅಂದಳು. ಬೀಗರಾದರೋ ಸಿನಿಮಾ ಹಾಡು ಕೇಳಿದರೆ ಮೂಗು ಮುರಿಯುವ ಜನ. ಇವಳು ಅಡುಗೆಮನೆಯಲ್ಲಿ ಹೊತ್ತಿಲ್ಲ ಗೊತ್ತಿಲ್ಲ ಆ ಹಾಡನ್ನೇ ಎಳೆಯತೊಡಗಿದಳು. ಕೇಳಿ ಕೇಳಿ ನನ್ನ ತಲೆ ಕೆಟ್ಟಿತು.

"ಬೀಗರ ಮುಂದೆ ಮಾನ ಕಳೀತೀಯ ಕಣೇ," ಅಂದೆ.

"ಆ ಹಾಡಿನ ಹುಡ್ಗ ಬೈಕಲ್ಲಿ ಓಡ್ತಾ ಹೇಳ್ತಾನೆ ಅಕ್ಕ, ನಾನು ನಿಂತು ಹೇಳ್ತೀನಿ. ಅಷ್ಟೇ."

ಮದುವೆ ಮುಗಿದು ಕಾರು ಬಾಗಿಲಿಗೆ ಬಂತು. ಇವಳು ಹುಡುಗಿಯ ಕೈ ಹಿಡಿದು ಶುರು ಮಾಡಿದಳು.

"ಹಿಂದಿನ ಸೀಟು ಖಾಲಿ ಐತೆ, ಹತ್ತೇ ಹುಡುಗಿ, ಸೋಬಾನವೇ..."

ನಗೋಣ ಅಂತ ಫೋನು ಎತ್ತಿದ್ದ ಹುಡುಗರು ಫೋನು ಇಳಿಸಿದರು. ಬೀಗರು ಮೂಗು ಮುರಿಯಲಿಲ್ಲ, ಟವಲಿನಲ್ಲಿ ಒರೆಸಿಕೊಂಡರು. ಬೈಕಿನಲ್ಲಿ ಹಾರಿಹೋಗುವ ಪೋಕರಿಯ ಮಾತು ಈ ರಾಗದಲ್ಲಿ ಹೀಗೆ ಕರುಳು ಹಿಂಡುತ್ತದೆಂದು ಯಾರಿಗೆ ಗೊತ್ತಿತ್ತು?

"ಊರು ದಾಟಿ ಹೋಗೋಣ..." ಅಂದವಳು ನಿಂತುಬಿಟ್ಟಳು.

ಎಲ್ಲರೂ ಕಾದರು. ಮುಂದಿನ ಸಾಲು ಬರಲಿಲ್ಲ. ಮರೆತಳೇ? ಆ ಹೆಂಗಸು ಹಾಡು ಮರೆಯುವವಳೇ? ಹಾಡು ಮುಗಿದರೆ ಕೈ ಬಿಡಬೇಕಲ್ಲ, ಅದಕ್ಕೇ ಮುಗಿಸುತ್ತಿಲ್ಲ ಅಂತ ನನಗೆ ತಿಳಿಯಿತು. ಬೀಗಿತಿ ಕೈ ಚಾಚಿಕೊಂಡು ನಿಂತೇ ಇದ್ದರು. ಡ್ರೈವರು ಕಾರಿನಿಂದ ಇಳಿದು ನೋಡಿದ.

ನಾನು ಹೋಗಿ ಅವರಿಬ್ಬರ ಕೈ ಮೇಲೆ ನನ್ನ ಕೈ ಇಟ್ಟೆ. ನನ್ನ ಗಂಟಲೋ, ಒಣಗಿದ ಬಾವಿಯ ರಾಟೆ. ಆದರೂ ಕೇಳಿ ಕೇಳಿ ಬಾಯಿಗೆ ಬಂದಿದ್ದ ಕೊನೆ ಸಾಲು ಹೇಳಿದೆ.

"ತಿರುಗಿ ನೋಡಬ್ಯಾಡ ಹುಡುಗಿ, ಸೋಬಾನವೇ."

ಒಬ್ಬರೂ ನಗಲಿಲ್ಲ. ಇವಳು ಒಂದೊಂದೇ ಬೆರಳು ಸಡಿಲಿಸಿ ಆ ಕೈಯನ್ನು ಬೀಗಿತಿಯ ಕೈಗಿಟ್ಟಳು. ಕಾರು ಹೊರಟು ತಿರುವಿನಲ್ಲಿ ಮರೆಯಾಯಿತು.

"ರಾಗ ಕೆಡಿಸ್ಬಿಟ್ಟೆ ನೀನು, ಅಕ್ಕ," ಅಂದಳು.

ಖಾಲಿಯಾದ ಕೈಯಲ್ಲಿ ನನ್ನ ಸೆರಗು ಹಿಡಿದಿದ್ದಳು. ಬಿಡಿಸಿಕೊಳ್ಳಲು ನಾನೂ ಹೋಗಲಿಲ್ಲ.