ಬೀಗರಿಗೆ ತೋರಿಸಿದ ನಗೆಚಿತ್ರ

ಒಳ್ಳೆಯ ನಗೆಚಿತ್ರ ನೋಡಿ ಬಂದವನು ಬಾಯಿ ಮುಚ್ಚಿಕೊಂಡು ಇರಬಲ್ಲನೆಂದು ನಾನು ನಂಬುವುದಿಲ್ಲ. ನನಗಂತೂ ಅದನ್ನು ನಾಲ್ಕು ಜನಕ್ಕೆ ಹೇಳುವತನಕ ಉಂಡ ಅನ್ನ ಮೈಗೆ ಹತ್ತದು. ಅದರಲ್ಲೂ ಸಂಸಾರದ ನಗೆಚಿತ್ರವೆಂದರೆ ಮುಗಿದೇ ಹೋಯಿತು! ಕತ್ತಿವರಸೆ ಇಲ್ಲ, ರಾಕ್ಷಸರಿಲ್ಲ, ಕೆಮ್ಮಿ ಕೆಮ್ಮಿ ಸಾಯುವ ತಾಯಿ ಇಲ್ಲ. ಒಂದು ಮನೆ, ಒಬ್ಬ ಅತ್ತೆ, ಇಬ್ಬರು ಸೊಸೆಯರು, ಅಡುಗೆಮನೆಯಲ್ಲೊಂದು ರಾದ್ಧಾಂತ. ಆಹಾ, ಇನ್ನೇನು ಬೇಕು? ಆಗ ನಾನು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತ. ಟಾಕೀಸಿಗೆ ಹೊಸ ಚಿತ್ರ ಬಂದರೆ ಮೊದಲ ದಿನವೇ ನೋಡಿ, ಮರುದಿನ ಗಿರಣಿಯಲ್ಲಿ, ಕ್ಷೌರದಂಗಡಿಯಲ್ಲಿ, ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ಶಿಫಾರಸು ಶುರು ಮಾಡುತ್ತಿದ್ದೆ. ಶಿಫಾರಸು ಎಂದರೆ ಬರೀ ‘ಚೆನ್ನಾಗಿದೆ’ ಎನ್ನುವುದಲ್ಲ; ಅತ್ತೆ ಜಾರಿ ಬೀಳುವುದು ಹೇಗೆಂದು ಬಿದ್ದೇ ತೋರಿಸುತ್ತಿದ್ದೆ. “ಕತಿ ಪೂರಾ ಹೇಳಬ್ಯಾಡ್ರಿ ಮಾರಾಯ್ರ, ನಮಗೂ ಒಂಚೂರು ಉಳಸ್ರಿ,” ಎಂದು ಕ್ಷೌರದವನು ಬೇಡಿಕೊಂಡದ್ದೂ ಉಂಟು.

ಹೀಗಿರುವಾಗ ನನ್ನ ತಂಗಿ ಸರೋಜಳನ್ನು ನೋಡಲು ಹರಿಹರದಿಂದ ಒಂದು ಗಂಡು ಬಂತು. ಹುಡುಗನಿಗೆ ಕಿರಾಣಿ ವ್ಯಾಪಾರ. ಅವನಿಗೆ ಸರೋಜ ಹಿಡಿಸಿದಳು, ಅವಳಿಗೂ ಅವನು ಹಿಡಿಸಿದ. ಅವನ ತಾಯಿ ಗೌರಮ್ಮನವರು ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಉಪ್ಪಿಟ್ಟು ತಿಂದರು, ಗೋಡೆ ನೋಡಿದರು. ಬಾಗಿಲ ಮರೆಯಲ್ಲಿ ಸರೋಜಳ ಮುಖ ಸಣ್ಣದಾಗಿತ್ತು. ನನಗೆ ಗೊತ್ತಿದ್ದ ಒಂದೇ ಔಷಧ ಬಾಯಿಗೆ ಬಂತು.

“ಅಮ್ಮಾರ, ಇವತ್ತ ಹೋಗಬ್ಯಾಡ್ರಿ. ಒಂದು ಪಿಚ್ಚರ್ ಬಂದೈತೆ. ನಕ್ಕು ನಕ್ಕು ಹೊಟ್ಟಿ ಹಿಡ್ಕೋತೀರಿ!”

ನನ್ನ ಹೆಂಡತಿ ಹಿಂದಿನಿಂದ ಕಣ್ಣು ಬಿಟ್ಟಳು. ನಾನು ಗಮನಿಸಲಿಲ್ಲ, ಉತ್ಸಾಹದಲ್ಲಿದ್ದೆ.

ಟಾಕೀಸಿನಲ್ಲಿ ಆಗ ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಅಡ್ಡಗೋಡೆ. ಹೆಂಗಸರೆಲ್ಲ ಆಚೆ, ನಾನೂ ಹುಡುಗನೂ ಈಚೆ. ತೆರೆಯ ಮೇಲೆ ಅತ್ತೆ ತುಪ್ಪದ ಗಡಿಗೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿ, ಕೀಲಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿದಳು. ಜನ ಹೋ ಎಂದು ನಕ್ಕರು. ಹುಡುಗ ನನ್ನ ಕಿವಿಯ ಹತ್ತಿರ ಬಗ್ಗಿ, “ನಮ್ಮವ್ವನೂ ತುಪ್ಪ ಹಿಂಗ ಇಡ್ತಾಳ್ರಿ,” ಎಂದ.

ಅಯ್ಯೋ, ನಾನು ಮೊದಲ ದಿನವೇ ನೋಡಿದ್ದ ಚಿತ್ರ. ಗೌರಮ್ಮನವರ ಸೊಂಟದ ಕೀಲಿ ಗೊಂಚಲನ್ನು ಕಣ್ಣಾರೆ ಕಂಡೇ ಕರೆತಂದಿದ್ದೆ! ಅಡ್ಡಗೋಡೆಯ ಆಚೆಯ ನಗೆಯಲ್ಲಿ ಅವರ ನಗೆ ಉಂಟೋ ಎಂದು ಕಿವಿ ನಿಮಿರಿಸಿದೆ. ಒಂದೂ ತಿಳಿಯಲೊಲ್ಲದು. ಸರೋಜಳ ಮದುವೆಯನ್ನು ನಾನೇ ಟಿಕೀಟು ತೆಗೆಸಿ ಮುರಿದೆನಲ್ಲಾ ಎಂದು ಅಳು ಬಂತು. ಅಷ್ಟರಲ್ಲಿ ತೆರೆಯ ಮೇಲೆ ಆ ಮನೆಯ ದೊಡ್ಡಳಿಯ ಬಂದ ನೋಡಿ! ಯಾರೂ ಕೇಳದಿದ್ದರೂ ಎಲ್ಲರಿಗೂ ಬುದ್ಧಿ ಹೇಳುವವನು, ಅಡುಗೆಮನೆಗೇ ನುಗ್ಗಿ ಉಪ್ಪಿನ ಅಳತೆ ಹೇಳುವವನು. ನನ್ನ ಚಿಂತೆ ಹಾರಿಹೋಯಿತು. “ನಮ್ಮ ಹೆಡ್ ಗುಮಾಸ್ತ ಥೇಟ್ ಹಿಂಗ!” ಎಂದು ಹುಡುಗನ ತೊಡೆಗೆ ಬಾರಿಸಿದೆ. ಹುಡುಗ ನನ್ನನ್ನೇ ನೋಡಿದ.

ಚಿತ್ರ ಬಿಟ್ಟಾಗ ಗೌರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದರು.

“ತಮ್ಮಾ, ಆ ಅತ್ತಿ ಅದಾಳಲ್ಲ, ತದ್ರೂಪ ನಮ್ಮ ನೆಗೆಣ್ಣಿ ನೋಡ್ರಿ!” ಎಂದರು. ಸೊಂಟದ ಕೀಲಿಗಳು ಝಣಝಣ ಎಂದವು. ಸರೋಜಳ ಕೈ ಹಿಡಿದು, “ಈ ಹುಡುಗಿ ಜತಿ ನಕ್ಕು ನಕ್ಕು ಪಕ್ಕಿ ನೋವು ಬಂತು. ನಮಗ ಒಪ್ಪಿಗಿ ಐತೆ. ಆ ದೊಡ್ಡಳಿಯ ಯಾರ ಹಂಗದಾನ ಅಂತ ನಾವಿಬ್ರೂ ಒಂದೇ ಸಲಕ್ಕ ಹೇಳಿದ್ವಿ!” ಎಂದರು.

“ಯಾರ ಹಂಗ್ರಿ?” ಎಂದೆ ನಾನು.

ಭಾವೀ ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹುಡುಗನೂ ನಕ್ಕ. ನನ್ನ ಹೆಂಡತಿಯಂತೂ ಟಾಕೀಸಿನ ಕಂಬ ಹಿಡಿದುಕೊಂಡಳು. ಖುಷಿಗೆ ನಾನೂ ಜೋರಾಗಿ ನಕ್ಕೆ. ಹರಿಹರದಲ್ಲಿರುವ ಇವರಿಗೆ ನಮ್ಮ ಹೆಡ್ ಗುಮಾಸ್ತನ ಪರಿಚಯ ಹೇಗಾಯಿತೆಂಬುದು ಮಾತ್ರ ನನಗೆ ಹೊಳೆಯಲಿಲ್ಲ.