ಧಿಕ್ಕಾರಣ್ಣನ ಗೀಸರ್ ತನಿಖಾ ಆಯೋಗ

ಇಪ್ಪತ್ತಾರು ವರ್ಷ ಒಲೆಯಿಂದ ಬಚ್ಚಲಿಗೆ ಕುದಿನೀರು ಹೊತ್ತ ಕೂಲಿ ಆ ಮನೆಯ ಹೆಂಗಸಿಗೆ ಇನ್ನೂ ಬಾಕಿ ಇದೆ. ಕೊಡಬೇಕಾದವನು ಪರಕೀಯನಲ್ಲ. ಅರ್ಧ ಊರಿಗೆ ಬಾಕಿ ಕೂಲಿ ಕೊಡಿಸಿದ ಮಹಾನುಭಾವ, ಅವಳ ಗಂಡನೇ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೇನೋ ಇದೆ. ಜನ ಕರೆಯುವುದು ಧಿಕ್ಕಾರಣ್ಣ ಅಂತ. ಗಿರಣಿಯ ಬಣ್ಣದ ಖಾತೆಯಲ್ಲಿ ಮೂವತ್ತೊಂದು ವರ್ಷ ನೂಲು ಕುದಿಸಿದವನು, ಕಾರ್ಮಿಕ ಸಂಘದ ಕಾರ್ಯದರ್ಶಿ. ಗೇಟಿನ ಮುಂದೆ ನಿಂತು ಒಂದು ಘೋಷಣೆ ಕೂಗಿದರೆ ಮಹಡಿಯ ಮೇಲೆ ಮ್ಯಾನೇಜರನ ಕೈಯಲ್ಲಿ ಕಪ್ಪು ಬಸಿ ತಾಳ ಹಾಕುತ್ತಿದ್ದವು. ಕಾದ ತೊಟ್ಟಿಯೊಳಗೆ ಒಂದು ಬೆರಳು ಅದ್ದಿ ತೆಗೆದು, ‘ಅರುವತ್ತಲ್ಲ, ಅರುವತ್ತೆರಡು’ ಎನ್ನುತ್ತಿದ್ದ. ಥರ್ಮಾಮೀಟರು ನಾಚಿಕೊಂಡು ಹೌದೆನ್ನುತ್ತಿತ್ತು. ನಿವೃತ್ತಿಯ ದಿನ ಗೆಳೆಯರೆಲ್ಲ ಸೇರಿ ಖಾತೆಯ ಉದ್ದ ಕಡ್ಡಿಯ ಥರ್ಮಾಮೀಟರನ್ನೇ ಅವನಿಗೆ ಉಡುಗೊರೆ ಕೊಟ್ಟಿದ್ದರು. (ಕಂಪನಿಯನ್ನು ಕೇಳಿದ್ದರೋ ಇಲ್ಲವೋ, ನಾವು ಕೇಳುವುದು ಬೇಡ.)

ಈತನಿಗೆ ಒಂದು ವ್ರತವಿತ್ತು. ತಣ್ಣೀರು ಸ್ನಾನ.

“ಲಾಕಪ್ಪಲ್ಲಿ ಹದಿನೇಳು ದಿನ ತಣ್ಣೀರಲ್ಲೇ ಮಿಂದವನು ನಾನು. ಅವತ್ತಿಂದ ಇವತ್ತಿನವರೆಗೂ ಬಿಸಿನೀರು ಅಂದ್ರೇನು ಗೊತ್ತಿಲ್ಲ. ಬಿಸಿನೀರು ಮಾಲೀಕರ ಚಟ ಕಣ್ರಯ್ಯಾ!” ಎಂದು ಚಹಾ ಅಂಗಡಿಯಲ್ಲಿ ಅವನು ಹೇಳಿದಾಗೆಲ್ಲ ಕೇಳುವವರಿಗೇ ಚಳಿ ಹತ್ತುತ್ತಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಹೆಂಡತಿ ಬಚ್ಚಲಲ್ಲಿ ತುಂಬಿಸಿಟ್ಟ ಬಕೆಟ್ಟನ್ನು, ಎಂಥ ಮಾಗಿಯಲ್ಲೂ ಹಾಡು ಹೇಳುತ್ತಾ ಮೈಮೇಲೆ ಸುರಿದುಕೊಳ್ಳುತ್ತಿದ್ದ.

ಹೆಂಡತಿ ಅಚ್ಚುಕೂಟವೊಂದರಲ್ಲಿ ಪುಸ್ತಕ ಬೈಂಡ್ ಮಾಡುವವಳು. ಹಾಳೆ ಮಡಚಿ, ಹೊಲಿದು, ಅಂಟು ಬಳಿಯುವ ಕೆಲಸ. ಅವಳ ಅನ್ನ ಇರುವುದು ಬಲಗೈ ಮಣಿಕಟ್ಟಿನಲ್ಲಿ. ಆ ಮಣಿಕಟ್ಟು ಈ ಚಳಿಗಾಲದಲ್ಲಿ ಬದನೆಕಾಯಿಯಂತೆ ಊದಿಕೊಂಡಿತು. ಡಾಕ್ಟರಮ್ಮ ಒತ್ತಿ ನೋಡಿ, “ಭಾರದ ಪಾತ್ರೆ ಎತ್ತೋದು ಇವತ್ತಿಗೇ ನಿಲ್ಲಿಸ್ಬೇಕು. ಇಲ್ಲಾ ಅಂದ್ರೆ ಹಾಳೆ ಮಡಚೋದನ್ನ ಮರೆತುಬಿಡಿ” ಅಂದರು.

ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು. “ರೀ, ಗೀಸರ್ ಬೇಕು.”

“ನ್ಯಾಯವಾದ ಬೇಡಿಕೆ!” ಎಂದ ಧಿಕ್ಕಾರಣ್ಣ, ಕೈ ಮೇಲೆತ್ತಿ. ಬೇಡಿಕೆ ಅಂದರೆ ಸಾಕು, ಅವನ ಕೈ ತಾನಾಗಿ ಮೇಲೇಳುತ್ತದೆ. ಸೀದಾ ಅಂಗಡಿಗೆ ಹೋದ.

ಅಂಗಡಿಯವನು ಸಾಲಾಗಿ ತೋರಿಸಿದ. ಗೋಡೆಗೆ ನೇತುಹಾಕುವ ಡೊಳ್ಳು ಹೊಟ್ಟೆಯವು, ನಲ್ಲಿ ತಿರುಗಿಸಿದೊಡನೆ ಕಾಯಿಸುವ ಪುಟಾಣಿಗಳು, ಗ್ಯಾಸಿನವು, ಮಾಳಿಗೆ ಮೇಲೆ ಬಿಸಿಲು ಕಾಯಿಸಿಕೊಂಡು ಮಲಗುವ ಸೋಲಾರಿನವು. ಧಿಕ್ಕಾರಣ್ಣ ಒಂದೊಂದರ ಹೊಟ್ಟೆಗೂ ಬೆರಳಲ್ಲಿ ತಟ್ಟಿ, “ಒಳಗೆ ಎಂಥ ತಗಡು? ಸುರುಳಿ ತಾಮ್ರದ್ದಾ? ಒತ್ತಡ ಹೆಚ್ಚಾದ್ರೆ ಬಿಡೋ ಕವಾಟ ಎಲ್ಲಿ? ಬಿಚ್ಚಿ ತೋರ್ಸು” ಅಂದ. ಅವನಿಗೆ ಯಂತ್ರ ಕಂಡರೆ ಮಗುವಿಗೆ ಗಿಲಕಿ ಸಿಕ್ಕ ಹಾಗೆ. ಮುಕ್ಕಾಲು ಗಂಟೆ ವಿಚಾರಣೆ ನಡೆಯಿತು. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಅಂಗಡಿಯವನು ಒಂದೇ ಒಂದು ಪ್ರಶ್ನೆ ಕೇಳಿದ.

“ಅಣ್ಣಾ, ಮನೇಲಿ ಯಾರ‍್ಯಾರು ಎಷ್ಟೆಷ್ಟು ಬಿಸಿನೀರು ಬಳಸ್ತಾರೆ? ಅದು ಹೇಳಿದ್ರೆ ಎಷ್ಟು ಲೀಟರಿಂದು ಬೇಕು ಅಂತ ನಾನು ಹೇಳ್ತೀನಿ.”

ಮೂರು ಸಾವಿರ ಕಾರ್ಮಿಕರ ತುಟ್ಟಿಭತ್ಯೆ ಬಾಯಿಪಾಠವಿದ್ದವನಿಗೆ ತನ್ನ ಬಚ್ಚಲಿನ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಎದುರಿಗೆ ಬಂದರೆ ಅವನಿಗೆ ಊಟ ಸೇರುವುದಿಲ್ಲ. ಅಂದೇ ಸಂಜೆ ಏಕಸದಸ್ಯ ತನಿಖಾ ಆಯೋಗ ರಚನೆಯಾಯಿತು. ಬಚ್ಚಲ ಬಾಗಿಲಿಗೆ ದಾರ ಕಟ್ಟಿ ಒಂದು ನೋಟುಬುಕ್ಕು, ಪಕ್ಕದಲ್ಲಿ ಗಿರಣಿಯ ಥರ್ಮಾಮೀಟರು. ಯಾರೇ ಸ್ನಾನಕ್ಕೆ ಹೋಗಲಿ, ಎಷ್ಟು ಲೀಟರು, ಎಷ್ಟು ಡಿಗ್ರಿ, ಬರೆಯಲೇಬೇಕು.

“ಇದೆಲ್ಲಾ ಯಾಕ್ರೀ? ಒಂದು ಗೀಸರ್ ತಂದ್ರೆ ಆಯ್ತಪ್ಪ” ಎಂದಳು ಹೆಂಡತಿ, ಎಡಗೈಯಲ್ಲಿ ಪಾತ್ರೆ ಹಿಡಿದು ಒಂದು ಕಡೆ ವಾಲುತ್ತಾ.

“ಅಂಕಿ ಅಂಶ ಇಲ್ದೆ ಯಾವ ಬೇಡಿಕೆಯೂ ಗೆದ್ದಿಲ್ಲ ಕಣೇ!”

“ಗೆಲ್ಲಿಸೋರು ನೀವು, ಕೊಡೋರೂ ನೀವು. ಇದರ ಮಧ್ಯೆ ಅಂಕಿ ಯಾರಿಗೆ ತೋರಿಸ್ತೀರಿ?”

ಆ ಪ್ರಶ್ನೆಯನ್ನು ಆಯೋಗದ ವ್ಯಾಪ್ತಿಯಿಂದ ಹೊರಗಿಟ್ಟು ಅವನು ನೋಟುಬುಕ್ಕಿಗೆ ಗೆರೆ ಎಳೆದ.

ನೋಟುಬುಕ್ಕಿನಲ್ಲಿ ನಾಲ್ಕು ಕಾಲಮ್ಮು. ಅವನ ತಾಯಿ, ಶಾಲೆಯಲ್ಲಿ ಗಣಿತ ಹೇಳಿಕೊಡುವ ಮಗಳು, ಹೆಂಡತಿ, ತಾನು. ತನ್ನ ಕಾಲಮ್ಮಿಗೆ ಅಡ್ಡಗೆರೆ ಎಳೆದು ‘ತಣ್ಣೀರು, ಅನ್ವಯಿಸುವುದಿಲ್ಲ’ ಎಂದು ಬರೆದಿದ್ದ. ವಾರ ತುಂಬಿದ ದಿನ ಮಗಳು ಅದನ್ನು ಕಂಡು ಸಿಡಿದಳು.

“ಅಪ್ಪಾ, ಅಳೀದೆ ಬರೆಯೋ ಹಾಗಿಲ್ಲ. ನನ್ನ ಕ್ಲಾಸಲ್ಲಿ ಹೀಗೆ ಮಾಡಿದ್ರೆ ಸೊನ್ನೆ ಹಾಕ್ತೀನಿ.”

ಹೆಂಡತಿ ಅಡುಗೆಮನೆಯಿಂದಲೇ ಗಡಿಬಿಡಿಯಲ್ಲಿ ಕೂಗಿದಳು. “ಅವರ ಬಕೆಟ್ ತಂಟೆಗೆ ಹೋಗ್ಬೇಡ ಕಣೇ, ಸುಮ್ನಿರು!”

ಮಗಳು ಸುಮ್ಮನಿರುವ ಜಾತಿಯಲ್ಲ. (ಯಾರ ಮಗಳು?) ಮರುದಿನ ಏಳಕ್ಕೆ ಅಪ್ಪ ಟವೆಲ್ ಸುತ್ತಿಕೊಂಡು ನಿಂತಿರುವಾಗಲೇ ಥರ್ಮಾಮೀಟರನ್ನು ಅವನ ಬಕೆಟ್ಟಿಗೆ ಅದ್ದಿದಳು.

“ಮೂವತ್ತಾರು ಡಿಗ್ರಿ.”

“ಸುಳ್ಳು!”

“ನೀನೇ ನೋಡು.”

ನೋಡಿದ. ಮೂವತ್ತಾರು. ನಲ್ಲಿಯ ನೀರಿಗೆ ಹಿಡಿದ. ಹದಿನೆಂಟು. ಮತ್ತೆ ಬಕೆಟ್ಟಿಗೆ. ಮೂವತ್ತಾರು. ಧಿಕ್ಕಾರಣ್ಣನ ಮುಖದಲ್ಲಿ ಕೋಪ ಇರಲಿಲ್ಲ, ಅಪ್ಪಟ ಕುತೂಹಲ. ಅದೇ ನಲ್ಲಿ, ಅದೇ ಬಕೆಟ್ಟು, ಹೆಚ್ಚಿನ ಹದಿನೆಂಟು ಡಿಗ್ರಿ ಎಲ್ಲಿಂದ ಬಂತು? ಟವೆಲಿನಲ್ಲೇ ಮಾಳಿಗೆ ಹತ್ತಿ ತೊಟ್ಟಿಯ ಮುಚ್ಚಳ ತೆಗೆದು ನೋಡಿದ. ಗೋಡೆಗೆ ಕಿವಿ ಕೊಟ್ಟ. ಕೊಳಾಯಿ ಅಡುಗೆಮನೆ ಒಲೆಯ ಹಿಂದಿನಿಂದ ಬರುತ್ತದೆ, ಅದಕ್ಕೇ ಇರಬೇಕು ಎಂದು ಒಂದು ಸಿದ್ಧಾಂತ ಕಟ್ಟಿದ. ನಲ್ಲಿ ರಿಪೇರಿಯವನನ್ನು ಕರೆಸಿದ. ಅವನು ತಲೆ ಕೆರೆದುಕೊಂಡು, “ಅಣ್ಣಾ, ಕೊಳಾಯಿ ಒಲೆ ಕಡೆ ಬರೋದೇ ಇಲ್ವಲ್ಲ” ಅಂದ.

“ಹಾಗಾದ್ರೆ ಭೂಮಿಯೊಳಗೆ ಬಿಸಿನೀರಿನ ಬುಗ್ಗೆ ಏನಾದ್ರೂ...”

ಇಲ್ಲಿಗೆ ಮುದುಕಿಯ ತಾಳ್ಮೆ ತೀರಿತು. ಹೊದಿಕೆಯೊಳಗಿಂದ ಬೊಚ್ಚು ಬಾಯಿ ಹೊರಗೆ ಬಂತು.

“ಲೋ ಪೆದ್ದೇ! ಬುಗ್ಗೆ ನಿನ್ನ ಹೆಂಡ್ತಿ ಕಣೋ! ಮದುವೆಯಾದ ವರ್ಷ ತಣ್ಣೀರು ಹುಯ್ಕೊಂಡು ಎದೆ ಕಟ್ಟಿ ಹಾಸಿಗೆ ಹಿಡಿದ್ಯಲ್ಲ? ಅವತ್ತಿಂದ ದಿನಾ ಒಂದು ಪಾತ್ರೆ ಕುದಿನೀರು ನಿನ್ನ ಬಕೆಟ್ಟಿಗೆ ಬೆರೆಸ್ತಾ ಬಂದಿದ್ದಾಳೆ.”

ನಲ್ಲಿ ರಿಪೇರಿಯವನು ಗೋಡೆಯ ಕಡೆ ತಿರುಗಿ ಕೆಮ್ಮಿದ.

“ನನಗೆ ಯಾಕೆ ಹೇಳ್ಲಿಲ್ಲ?” ಎಂದ ಧಿಕ್ಕಾರಣ್ಣ.

“ಹೇಳಿದ್ರೆ ಭಾಷಣ ಮಾಡ್ತಿದ್ರಿ” ಎಂದಳು ಹೆಂಡತಿ. “ಭಾಷಣ ಕೇಳೋದಕ್ಕಿಂತ ಪಾತ್ರೆ ಹೊರೋದು ಹಗುರ ಅನ್ನಿಸ್ತು.”

“ನನ್ನ ಕೈಗಾದ್ರೂ ಗೊತ್ತಾಗ್ಬೇಕಿತ್ತಲ್ಲೇ...”

“ಕುದಿಯೋ ತೊಟ್ಟಿಯಲ್ಲಿ ಬೆಂದ ಕೈ ಅದು. ಐವತ್ತರ ಕೆಳಗಿನದೆಲ್ಲಾ ಅದಕ್ಕೆ ತಣ್ಣೀರೇ.”

ಮಗಳು ಅಷ್ಟರಲ್ಲಿ ವಾರದ ನೋಟುಬುಕ್ಕನ್ನು ಗಟ್ಟಿಯಾಗಿ ಓದತೊಡಗಿದಳು. ಅಜ್ಜಿ ನಲವತ್ತೊಂದು. ತಾನು ಮೂವತ್ತೆಂಟು. ಅಪ್ಪ ಮೂವತ್ತಾರು. “ಅಮ್ಮ...” ಎಂದು ನಿಂತಳು. ಅಮ್ಮನ ಕಾಲಮ್ಮಿನಲ್ಲಿ ಏಳು ದಿನವೂ ಒಂದೇ ಅಂಕಿ. ಹದಿನೆಂಟು.

“ಇದೇನಮ್ಮಾ?”

“ಇನ್ನೇನು? ನಿಮ್ಮದೆಲ್ಲಾ ಆಗಿ ನನ್ನ ಪಾತ್ರೆ ಕಾಯೋ ಹೊತ್ತಿಗೆ ಪ್ರೆಸ್ಸಿನ ಗೇಟು ಹಾಕಿರ್ತಾರೆ. ನಲ್ಲಿ ಕೆಳಗೆ ಕೂತು ಎದ್ದುಬಿಡ್ತೀನಿ.”

ಊರಿಗೆಲ್ಲ ಸಾರಿದ ತಣ್ಣೀರಿನ ವೀರ ಆ ಮನೆಯಲ್ಲಿ ನಿಜಕ್ಕೂ ಇದ್ದ. ಚಹಾ ಅಂಗಡಿಗೆ ಹೋಗಿ ಹೇಳಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ ಅಷ್ಟೇ.

ಧಿಕ್ಕಾರಣ್ಣ ಒಂದೇ ಉಸಿರಿಗೆ ಅಂಗಡಿಗೆ ಹೋಗಿ ಇಪ್ಪತ್ತೈದು ಲೀಟರಿನ ಡೊಳ್ಳು ಹೊಟ್ಟೆಯದನ್ನು ಗೊತ್ತುಮಾಡಿ ಬಂದ. ಜೋಡಿಸುವವನು ಬರುವುದು ನಾಲ್ಕು ದಿನ ಬಿಟ್ಟು.

“ಅಲ್ಲೀತನಕ ನನ್ನ ಕೈ ಮುಷ್ಕರ” ಎಂದಳು ಹೆಂಡತಿ.

“ಮುಷ್ಕರಕ್ಕೆ ನನ್ನ ಸಂಪೂರ್ಣ ಬೆಂಬಲ! ನಾಳೆಯಿಂದ ನನ್ನದು ಅಸಲಿ ತಣ್ಣೀರು. ಲಾಕಪ್ಪಲ್ಲಿ ಹದಿನೇಳು ದಿನ...”

“ಅದು ಕಡುಬೇಸಿಗೆ ಕಣೋ!” ಎಂದಿತು ಹೊದಿಕೆ.

ಮರುದಿನ ಭಾನುವಾರ. ಏಳು ಗಂಟೆ. ಹಾಡು ಶುರುವಾಯಿತು, ಮೊದಲ ಚೊಂಬಿಗೆ ನಿಂತಿತು. ಆಮೇಲೆ ಹೊರಟ ಕೂಗಿಗೆ ಓಣಿಯ ನಾಯಿಗಳು ಎದ್ದು ನಿಂತವು. ಎದುರುಮನೆಯಲ್ಲಿ ಹಲ್ಲುಜ್ಜುತ್ತಿದ್ದ ಗಿರಣಿಯ ಮಗ್ಗದ ಖಾತೆಯ ಹಳೇ ಕಾರ್ಮಿಕ ಆ ಗಂಟಲು ಗುರುತು ಹಿಡಿದು, ಅಭ್ಯಾಸಬಲದಿಂದ ಬ್ರಷ್ಷು ಮೇಲೆತ್ತಿ, “ಧಿಕ್ಕಾರ! ಧಿಕ್ಕಾರ!” ಎಂದು ದನಿಗೂಡಿಸಿದ.

ಹೋರಾಟಗಾರ ಹೊರಗೆ ಬಂದಾಗ ಹಲ್ಲುಗಳು ಮಗ್ಗದ ಲಾಳಿಯಂತೆ ಕಟಕಟ ಅನ್ನುತ್ತಿದ್ದವು. ಸೀದಾ ಅಡುಗೆಮನೆಗೆ ನಡೆದು ದೊಡ್ಡ ಪಾತ್ರೆಯನ್ನು ಒಲೆಗೇರಿಸಿದ. ಕುದಿದ ಮೇಲೆ ಎರಡೂ ಕೈಯಲ್ಲಿ ಎತ್ತಿ ಹೊರಟ. ದಾರಿಯಲ್ಲಿ ಕಾಲಬೆರಳಿಗೆ ಚೆಲ್ಲಿಕೊಂಡು ಕುಣಿದ, ಬಾಗಿಲ ಚೌಕಟ್ಟಿಗೆ ಮೊಣಕೈ ಬಡಿದುಕೊಂಡ, ಅರ್ಧ ನೀರು ಹಜಾರಕ್ಕೆ ದಾನ ಮಾಡಿದ. ಮತ್ತೊಂದು ಪಾತ್ರೆ ಕಾಯಿಸಿದ. ಬಕೆಟ್ಟು ತುಂಬಿಸಿ, ಥರ್ಮಾಮೀಟರು ಅದ್ದಿ, ನಲವತ್ತು ಅಂತ ಖಾತ್ರಿಯಾದ ಮೇಲೆ ಹೆಂಡತಿಗೆ, “ಹೋಗು” ಅಂದ.

ಅವಳು ಹೋದಳು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಮುದುಕಿ ಕೋಲಿನಿಂದ ಬಾಗಿಲು ಕುಟ್ಟಿದಳು, ಮಗಳು ಗಡಿಯಾರ ತೋರಿಸಿದಳು. ಒಳಗಿಂದ, “ಇನ್ನೊಂದು ಪಾತ್ರೆ ಕಾಯ್ಸಿ!” ಎಂಬ ಆಜ್ಞೆ ಬಂತು. ಕಾರ್ಯದರ್ಶಿಗಳು ಕುಂಟುತ್ತಾ ಒಲೆಯ ಕಡೆ ಹೋದರು.

ಓದುವ ಸ್ವಾಮಿ, ನಗುವುದು ಸಾಕು. ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಸ್ನಾನಕ್ಕೆ ಹೋಗುವವರು ಯಾರೆಂದು ನೋಡಿ, ಅವರ ಬಕೆಟ್ಟಿಗೆ ಬೆರಳು ಅದ್ದಿ. ತಣ್ಣಗಿದ್ದರೆ ಯಾವ ಗೀಸರ್ ಒಳ್ಳೆಯದು ಎಂದು ನಾಲ್ಕು ಜನರನ್ನು ಕೇಳುತ್ತಾ ಕೂರಬೇಡಿ. ಎದ್ದು ಪಾತ್ರೆ ಒಲೆ ಮೇಲಿಡಿ. ನೀವೇ ಇಡಿ.