ಕ್ಯಾಮೆರಾ ಬೇಡವೆಂದ ತಗಡು

೧. ಗೀರು ಬೇಕಾಗಿದೆ

ಏಪ್ರಿಲ್‌ನಲ್ಲಿ ಒಂದು ದಿನ ಮ್ಯಾನೇಜರ್ ನನ್ನ ಬೆಂಚಿನ ಎದುರು ಬಂದು ನಿಂತರು.

"ಯಜಮಾನ್ರ, ನಾಳಿಗೆ ಕ್ಯಾಮೆರಾ ಬರ್ತೈತಿ."

"ಬರ್ಲಿ."

"ತಗಡಿನ ಮ್ಯಾಲಿನ ಗೀರು, ಕಲೆ, ತುಕ್ಕು ಎಲ್ಲಾ ಇನ್ನ ಅದ ಹಿಡೀತೈತಿ. ದಸರಾ ಆದ ಮ್ಯಾಲೆ ದೊಡ್ಡ ಗಿರಾಕಿ ಬಂದು ನೋಡ್ತಾರ. ಅವರು ಒಪ್ಪಿದರ ಈ ಬೆಂಚು ತಗೀತೀವಿ. ನೀವು ಗೇಟಿನ್ಯಾಗ ಲಾರಿ ನಂಬರ್ ಬರ್ಕೊಳ್ರಿ. ಕುಂತ ಕೆಲಸ."

"ಇದೂ ಕುಂತ ಕೆಲಸಾನ," ಎಂದೆ.

ಬಳ್ಳಾರಿಯ ಹೊರಗಿರುವ ನಮ್ಮ ಕಾರ್ಖಾನೆಗೆ ಉಕ್ಕಿನ ತಗಡು ಸುರುಳಿಯಾಗಿ ಬರುತ್ತದೆ. ಅದನ್ನು ಬಿಚ್ಚಿ, ನೆಟ್ಟಗೆ ಮಾಡಿ, ಕತ್ತರಿಸಿ ಕೊಡುತ್ತೇವೆ. ಬೀರುವಿಗೆ, ಫ್ರಿಜ್ಜಿಗೆ ಹೋಗುವ ತಗಡು. ಕನ್ನಡಿಯ ಹಾಗೆ ಹೊಳೆಯುತ್ತದೆ. ಒಂದು ಗೀರಿದ್ದರೂ ವಾಪಸ್. ಇಪ್ಪತ್ತಾರು ವರ್ಷದಿಂದ ಈ ಬೆಂಚಿನಲ್ಲಿ ಕೂತು ಆ ಗೀರು ಹುಡುಕುತ್ತಿರುವವನು ನಾನು. ತಗಡನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯುತ್ತೇನೆ, ಅಂಗೈ ಆಡಿಸುತ್ತೇನೆ. ಅಷ್ಟೇ. ಗೇಟಿಗೆ ಹೋಗುವ ಮನಸ್ಸು ನನಗಿರಲಿಲ್ಲ.

ಕ್ಯಾಮೆರಾದ ಜೊತೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದ. ಬಂದವನೇ, "ಸರ್, ಇದು ಇನ್ನೂ ಏನೂ ಕಲಿತಿಲ್ಲ. ಇದಕ್ಕೆ ತೋರಿಸೋಕೆ ಐನೂರು ಗೀರು ಬೇಕು," ಎಂದ.

ಮ್ಯಾನೇಜರ್ ಎಲ್ಲರನ್ನೂ ಕರೆದು, ಗೀರು ಹಾಕಿರಿ ಎಂದು ಅಪ್ಪಣೆ ಕೊಟ್ಟರು.

ಸಿರುಗುಪ್ಪದ ಕ್ರೇನ್ ಆಪರೇಟರ್‌ನನ್ನು ಮೊದಲು ಕರೆದರು. ತಗಡಿಗೆ ಗೀರು ಬೀಳಿಸಿದ್ದಕ್ಕೆ ಹನ್ನೊಂದು ವರ್ಷದಿಂದ ದಿನಾ ಬೈಸಿಕೊಂಡವನು. ಸ್ಕ್ರೂಡ್ರೈವರ್ ಹಿಡಿದು ನಿಂತ. ತಗಡಿನ ಹತ್ತಿರ ಒಯ್ದು ವಾಪಸ್ ತಂದ.

"ಆಗವಲ್ದು ಕಾಕಾ. ಬೇಕಂತ ಹಾಕಾಕ ಕೈ ಏಳವಲ್ದು," ಎಂದ ನನ್ನ ಕಡೆ ನೋಡಿ.

ಪ್ಯಾಕಿಂಗ್ ನೋಡುವ ಕುರುಗೋಡಿನ ಅಕ್ಕ ಸ್ಕೇಲ್ ಇಟ್ಟು ಗೀರು ಎಳೆದಳು. ಎಲ್ಲವೂ ಒಂದೇ ಅಳತೆ, ಒಂದೇ ಅಂತರ.

"ಅಕ್ಕಾ, ಗೀರು ಇಷ್ಟು ಚೆನ್ನಾಗಿರಬಾರದು," ಎಂದ ಎಂಜಿನಿಯರ್.

"ಕೆಲಸ ಕೆಡಸ್ರಿ ಅಂತ ಹೇಳಾಕ ಇಷ್ಟು ಓದೀರೇನ್ರಿ?" ಎಂದಳು ಅಕ್ಕ.

ಸಂಜೆಯವರೆಗೆ ಆದದ್ದು ನಲವತ್ತು. ಬೇಸರಗೊಂಡ ಆಪರೇಟರ್ ತನ್ನ ಕ್ರೇನಿಗೆ ಹೋಗಿ ಒಂದು ಕಟ್ಟು ಎತ್ತಿದ. ಸರಪಳಿ ಜಾರಿತು. ಕಟ್ಟು ಓರೆಯಾಯಿತು. ತಗಡುಗಳು ಒಂದರ ಮೇಲೊಂದು ಉಜ್ಜಿಕೊಂಡು ದಡದಡ ನೆಲಕ್ಕಿಳಿದವು. ಮ್ಯಾನೇಜರ್ ಬೈಯಲು ಓಡಿ ಬಂದರು. ಅವರಿಗಿಂತ ಮೊದಲು ಎಂಜಿನಿಯರ್ ಓಡಿ ಹೋಗಿ ಆಪರೇಟರ್‌ನ ಕೈ ಕುಲುಕಿದ.

"ಅಣ್ಣಾ, ಅದ್ಭುತ! ಇಂಥವೇ ಬೇಕಾಗಿದ್ದದ್ದು!"

ಹನ್ನೊಂದು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಶಹಬ್ಬಾಸ್ ಅದು.

೨. ತಂಪು

ಕ್ಯಾಮೆರಾದ ಕಂಪ್ಯೂಟರಿಗೆ ಸೆಕೆ ಆಗಬಾರದಂತೆ. ತಗಡು ಓಡುವ ಲೈನಿನ ಪಕ್ಕದಲ್ಲೇ ಗಾಜಿನ ಕೋಣೆ ಕಟ್ಟಿ ಏಸಿ ಹಾಕಿಸಿದರು. ನಾವು ಮೂರು ಬೇಸಗೆಯಿಂದ ಒಂದು ಕೂಲರ್ ಕೇಳುತ್ತಿದ್ದೆವು.

ಮೇ ತಿಂಗಳು. ಮಧ್ಯಾಹ್ನ. ಬಳ್ಳಾರಿಯ ಮೇ ತಿಂಗಳ ಬಗ್ಗೆ ಹೇಳುವುದೇನಿಲ್ಲ. ಮ್ಯಾನೇಜರ್ ಲೈನಿಗೆ ಬಂದರು. ಬೆಂಚಿನಲ್ಲಿ ನಾನೊಬ್ಬನೇ ಇದ್ದೆ.

"ಎಲ್ಲಾರೂ ಎಲ್ಲಿ ಸತ್ತಾರ?"

ಗಾಜಿನ ಕೋಣೆಯ ಕಡೆ ಬೆರಳು ತೋರಿಸಿದೆ. ಗಾಜಿಗೆ ಒಳಗಿನಿಂದ ಹಳೇ ಪೇಪರ್ ಅಂಟಿಸಿದ್ದರು.

ಬಾಗಿಲು ತೆರೆದರು. ಇಬ್ಬರು ಕೂರುವ ಕೋಣೆಯಲ್ಲಿ ಒಂಬತ್ತು ಜನ. ನಡುವೆ ಅಕ್ಕ ರೊಟ್ಟಿ ಬುತ್ತಿ ಬಿಚ್ಚಿದ್ದಳು. ಕಂಪ್ಯೂಟರ್ ಮೇಲೆ ಶೇಂಗಾ ಚಟ್ನಿಯ ಡಬ್ಬಿ.

"ಏನಿದು?"

"ಹೊಸಾ ಮಷಿನ್ನು ರೀ. ಒಂದ ಇದ್ದರ ಹೆದರ್ತೈತಿ ಅಂತ ಬಂದೀವಿ," ಎಂದಳು ಅಕ್ಕ.

ಮ್ಯಾನೇಜರ್ ಬಾಯಿ ತೆರೆದರು. ಅಷ್ಟರಲ್ಲಿ ತಂಪು ಗಾಳಿ ಅವರ ಮುಖಕ್ಕೆ ಬಡಿಯಿತು. ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

"ಸರೀರಿ ಒಂದೀಟು," ಎಂದು ಒಳಗೆ ಹೋಗಿ, "ಬಾಗಲಾ ಹಾಕ್ರಿ, ತಂಪು ಹೊರಗ ಹೊಕ್ಕೈತಿ," ಎಂದರು.

೩. ವಿಭೂತಿ

ಆಯುಧ ಪೂಜೆಗೆ ಎಂಜಿನಿಯರ್ ಊರಿಗೆ ಹೋದ. ಪೂಜೆ ಅಕ್ಕನದು. ಕತ್ತರಿಸುವ ಯಂತ್ರಕ್ಕೆ, ಕ್ರೇನಿಗೆ, ತಕ್ಕಡಿಗೆ, ನನ್ನ ಬೆಂಚಿಗೆ, ಎಲ್ಲಕ್ಕೂ ವಿಭೂತಿ ಮೂರು ಬೆರಳು, ನಡುವೆ ಕುಂಕುಮ. ಕ್ಯಾಮೆರಾದ ಎದುರು ಸ್ಟೂಲ್ ಹತ್ತಿ ನಿಂತಳು.

"ತಾತಾ, ಇದಕ್ಕ ಎಲ್ಲಿ ಹಚ್ಚಲಿ?" ಎಂದು ನನ್ನನ್ನು ಕೇಳಿದಳು.

"ನನಗೇನು ಗೊತ್ತು."

"ಮುಖ ಯಾವ ಕಡಿಗೈತಿ?"

ಇದ್ದದ್ದೊಂದೇ ಗಾಜು. ಅದಕ್ಕೇ ಹಚ್ಚಿದಳು. ಭಕ್ತಿಯಿಂದಲೇ ಹಚ್ಚಿದಳು, ದಪ್ಪಗೆ.

ರಜೆ ಮುಗಿದು ಲೈನ್ ಶುರುವಾಯಿತು. ಮೊದಲ ತಗಡು ಬಂತು. ಕೆಂಪು ದೀಪ. ಎರಡನೆಯದು, ಕೆಂಪು. ಮಧ್ಯಾಹ್ನದವರೆಗೆ ಒಂದು ತಗಡೂ ಪಾಸಾಗಲಿಲ್ಲ. ನಾನು ನಾಲ್ಕು ತೆಗೆದು ಬೆಂಚಿನ ಮೇಲೆ ನೋಡಿದೆ.

"ತಗಡು ಚಲೋ ಅದಾವು," ಎಂದೆ.

"ಕ್ಯಾಮೆರಾ ಸುಳ್ಳು ಹೇಳ್ತೈತೇನ್ರಿ? ನಿಮಗ ವಯಸ್ಸಾತು ಯಜಮಾನ್ರ," ಎಂದರು ಮ್ಯಾನೇಜರ್.

ನಾಲ್ಕೂ ತಗಡು ವಾಪಸ್ ಇಟ್ಟೆ. ಕೇಳದವರಿಗೆ ಎರಡು ಸಲ ಹೇಳುವ ಅಭ್ಯಾಸ ನನಗಿಲ್ಲ.

ತೆಕ್ಕಲಕೋಟೆಯಲ್ಲಿ ಟ್ರಂಕ್ ಮಾಡುವವನೊಬ್ಬನಿದ್ದಾನೆ. ಬೇಡವಾದ ತಗಡನ್ನು ಕಡಿಮೆ ದರಕ್ಕೆ ಒಯ್ಯುತ್ತಾನೆ. ಅವತ್ತು ಫೋನ್ ಮಾಡಿ ಕರೆಸಿದರು. ಲಾರಿ ತುಂಬ ಒಯ್ದ.

ಮರುದಿನ ಎಂಜಿನಿಯರ್ ಬಂದು ಗಾಜು ಒರೆಸಿದ. ಎಲ್ಲವೂ ಹಸಿರು. ಮ್ಯಾನೇಜರ್ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಗ ಟ್ರಂಕಿನವನು ಬಂದ. ಕೈಯಲ್ಲಿ ಹೂವಿನ ಹಾರ, ಒಂದು ಡಬ್ಬಿ ಮೈಸೂರು ಪಾಕ್.

"ಎಲ್ಲೈತಿ ಸಾಮೀ ಆ ಕ್ಯಾಮೆರಾ? ಒಂದು ಹಾರ ಹಾಕಿ ಹೋಗ್ತೀನಿ. ಹಂಗ ಇಂಥವು ಇನ್ನೆರಡು ತರಸ್ರಿ."

೪. ದುಂಡು ಕಲೆ

ಗಿರಾಕಿ ಬರುವ ದಿನ ಬಂತು. ಫ್ರಿಜ್ ಮಾಡುವ ಕಂಪನಿಯ ಮೇಡಂ, ಜೊತೆಗೆ ಇಬ್ಬರು. ಅವರು ಒಪ್ಪಿದರೆ ವರ್ಷದ ಆರ್ಡರ್. ಅವರು ಒಪ್ಪಿದರೆ ನನ್ನ ಬೆಂಚಿಲ್ಲ.

ಬೆಳಿಗ್ಗೆ ಅಕ್ಕ ನನ್ನ ಬೆಂಚನ್ನು ಒದ್ದೆ ಬಟ್ಟೆಯಿಂದ ಒರೆಸಿದಳು.

"ಯಾಕ?" ಎಂದೆ.

"ಸುಮ್ನ," ಎಂದು ಆ ಕಡೆ ತಿರುಗಿದಳು.

ಹೊರಗಿನದೇನೂ ತಗಡಿನಲ್ಲಿ ಕಾಣದಿರಲಿ ಎಂದು ಕ್ಯಾಮೆರಾದ ಸುತ್ತ ಒಂದು ಕಪ್ಪು ಪರದೆ ಇತ್ತು. ಮೇಡಂಗೆ ಕ್ಯಾಮೆರಾ ಚೆನ್ನಾಗಿ ಕಾಣಲಿ ಎಂದು ಮ್ಯಾನೇಜರ್ ಅದನ್ನು ಬಿಚ್ಚಿಸಿದರು. ಎಂಜಿನಿಯರ್ ಬೇಡ ಸರ್, ಬೇಡ ಸರ್ ಎಂದ. ಕೇಳಲಿಲ್ಲ. ಫೋಟೋ ತೆಗೆಯುತ್ತಾರೆಂದು ತಮ್ಮ ಹೆಲ್ಮೆಟನ್ನೂ ತೆಗೆದು ಆಪರೇಟರ್‌ನ ಕೈಗೆ ಕೊಟ್ಟರು.

ಲೈನ್ ಹೊರಟಿತು. ಮೊದಲ ತಗಡು ಹಸಿರು. ಎರಡನೆಯದು ಹಸಿರು. ಮೇಡಂ ತಲೆಯಾಡಿಸಿದರು. ಮ್ಯಾನೇಜರ್ ಉತ್ಸಾಹದಿಂದ ಮುಂದೆ ಬಾಗಿ, "ಇಲ್ಲಿ ನೋಡ್ರಿ ಮೇಡಂ," ಎಂದು ಬೆರಳು ಮಾಡಿದರು.

ಕೆಂಪು. ಭೋಂಯ್ ಎಂದು ಸೈರನ್.

ಪರದೆಯಿಲ್ಲದ್ದರಿಂದ ತಗಡಿನಲ್ಲಿ ಏನು ಹೊಳೆದಿತ್ತೋ ಅದು ಕಂಪ್ಯೂಟರಿನಲ್ಲೂ ಬಂತು. ದುಂಡಗೆ, ಬೆಳ್ಳಗೆ, ಬೋಗುಣಿಯಷ್ಟು ದೊಡ್ಡ ಕಲೆ. ಸುತ್ತ ಕೆಂಪು ಚೌಕ.

"ಇದೇನು ಕಲೆ?" ಎಂದರು ಮೇಡಂ.

ಕಲೆ ನೋಡಲು ಮ್ಯಾನೇಜರ್ ಇನ್ನೂ ಬಾಗಿದರು. ಇನ್ನೂ ದೊಡ್ಡ ಕಲೆ. ಸೈರನ್. ಬಾಗಿದಷ್ಟೂ ಕಲೆ, ಕಲೆ ಬಂದಷ್ಟೂ ಬಾಗುವುದು. ಏಳು ತಗಡು ಹೋದವು.

ಎಂಜಿನಿಯರಿಗೆ ಗೊತ್ತಾಗಿತ್ತು. ಅವನು ಚಾವಣಿ ನೋಡುತ್ತಿದ್ದ. ಆಪರೇಟರಿಗೂ ಗೊತ್ತಾಗಿತ್ತು. ಹೆಲ್ಮೆಟನ್ನು ಬಾಯಿಗೆ ಅಡ್ಡ ಹಿಡಿದಿದ್ದ. ಅಕ್ಕ ಕಂಬದ ಹಿಂದೆ ಹೋಗಿದ್ದಳು. ಕಂಬ ಒಂದೇ ಅಲುಗುತ್ತಿರಲಿಲ್ಲ.

ನನ್ನ ತಲೆಯಲ್ಲೂ ಕೂದಲಿಲ್ಲ. ನಾನು ರುಮಾಲು ಸುತ್ತುತ್ತೇನೆ.

ಮೇಡಂ ಬರೆಯುತ್ತಿದ್ದ ಹಾಳೆ ಮಡಚಿದರು. ನನ್ನ ಕಡೆ ತಿರುಗಿ, "ನೀವು ಹಳಬರಲ್ವಾ? ನೀವು ಹೇಳಿ, ತಗಡು ಹೇಗಿದೆ?" ಎಂದು ಕೇಳಿದರು.

ಕೆಟ್ಟಿದೆ ಎಂದರೆ ಆರ್ಡರ್ ತಪ್ಪಿ ನನ್ನ ಬೆಂಚು ಉಳಿಯುತ್ತಿತ್ತು. ಏನೂ ಹೇಳದಿದ್ದರೂ ಉಳಿಯುತ್ತಿತ್ತು. ಒಂದು ತಗಡು ತೆಗೆದು ಓರೆ ಹಿಡಿದೆ. ಅಂಗೈ ಆಡಿಸಿದೆ.

"ಚಲೋ ಐತಿ."

"ಮತ್ತೆ ಕ್ಯಾಮೆರಾ ಯಾಕೆ ಬೇಡ ಅನ್ನುತ್ತೆ?"

"ಸಾಹೇಬ್ರ," ಎಂದೆ ಮ್ಯಾನೇಜರಿಗೆ, "ಎರಡು ಹೆಜ್ಜಿ ಹಿಂದಕ್ಕ ಸರೀರಿ."

"ಯಾಕ?"

"ಸರೀರಿ."

ಸರಿದರು. ಹಸಿರು.

"ಈಗ ಬಗ್ರಿ."

ಬಗ್ಗಿದರು. ಕೆಂಪು.

ಮ್ಯಾನೇಜರ್ ನಂಬಲಿಲ್ಲ. ತಾವೇ ಇನ್ನೆರಡು ಸಲ ಸರಿದು ಬಗ್ಗಿ ನೋಡಿದರು. ಹಸಿರು, ಕೆಂಪು. ಹಸಿರು, ಕೆಂಪು. ಆಮೇಲೆ ಮೆಲ್ಲಗೆ ಕೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ಹಸಿರಾಯಿತು.

ಮೇಡಂ ಕರವಸ್ತ್ರ ತೆಗೆದರು. ಬಹಳ ಹೊತ್ತು ಮುಖ ಒರೆಸಿಕೊಂಡರು.

ಆರ್ಡರ್ ಬಂತು. ಜೊತೆಗೊಂದು ಷರತ್ತು ಬರೆದಿದ್ದರು: ಕ್ಯಾಮೆರಾ ಬೇಡವೆಂದ ಪ್ರತಿ ತಗಡನ್ನೂ ಈ ಬೆಂಚಿನಲ್ಲಿ ಇನ್ನೊಮ್ಮೆ ನೋಡಬೇಕು. ಗೇಟಿಗೆ ಬೇರೆ ಒಬ್ಬನನ್ನು ಹಾಕಿದರು. ಮ್ಯಾನೇಜರ್ ಈಗ ಹೆಲ್ಮೆಟ್ ತೆಗೆಯುವುದಿಲ್ಲ, ಕ್ಯಾಂಟೀನಿನಲ್ಲೂ.